ಪದಚರ್ಚೆ: ಶಾಲೆಯ ಫಲಕದಲ್ಲಿ ‘ಡಿಜಿಟಲ್ ನ್ಯೂಸ್‌ಪೇಪರ್’ ಎಂಬುದನ್ನು ಹೇಗೆ ಬರೆಯೋಣ?

ಪ್ರಶ್ನೆ:

ಮಾನ್ಯರೇ,

ನಮ್ಮ ಪ್ರೌಢಶಾಲೆಯಲ್ಲಿ ವಾರಕ್ಕೆ ಎರಡು ಅವಧಿ ದಿನಪತ್ರಿಕೆಗಳನ್ನು ಪ್ರೊಜೆಕ್ಟರಿನ ಪರದೆಯ ಮೇಲೆ ಮೂಡಿಸಿ ಮಕ್ಕಳಿಂದ ಓದಿಸುತ್ತೇವೆ. ಜುಲೈ 1ರ ಪತ್ರಿಕಾ ದಿನಾಚರಣೆಯ ಹೊತ್ತಿಗೆ ಆ ಕೊಠಡಿಗೊಂದು ಫಲಕ ಬೇಕಾಗಿದ್ದು, ಬರೆಯುವವರು ನಾಳಿದ್ದು ಬೆಳಿಗ್ಗೆ ಬರುತ್ತಾರೆ. ಸದ್ಯಕ್ಕೆ ‘ಅಂಕೀಯ ಪತ್ರಿಕಾ ಕೊಠಡಿ’ ಎಂದು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೆ. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಒಳಗೆ ಇಣುಕಿ, ಕಿರುಪರೀಕ್ಷೆಯ ಅಂಕಗಳನ್ನು ಇಲ್ಲೇ ಕೊಡುತ್ತೀರಾ ಸರ್ ಎಂದು ಕೇಳಿದ ಮೇಲೆ ಅದನ್ನು ಕಿತ್ತುಹಾಕಿದೆ.

ಇನ್ನೊಂದು ತೊಡಕೂ ಇದೆ. ಅಚ್ಚಾದ ಪುಟವನ್ನು ಹಾಗೆಯೇ ತೋರಿಸುವುದು ಒಂದು ಬಗೆ, ಗಳಿಗೆಗೊಮ್ಮೆ ಬದಲಾಗುವ ಸುದ್ದಿಯ ತಾಣ ಇನ್ನೊಂದು ಬಗೆ. ಮೊನ್ನೆ ಎರಡನ್ನೂ ಅಕ್ಕಪಕ್ಕ ತೆರೆದಾಗ ಕನ್ನಂಬಾಡಿಯ ಗರಿಷ್ಠ ಮಟ್ಟ ಎರಡರಲ್ಲಿಯೂ 124.80 ಅಡಿ ಎಂದೇ ಇತ್ತು, ಆದರೆ ಇಂದಿನ ಮಟ್ಟ ಮಾತ್ರ ಬೇರೆಬೇರೆಯಾಗಿತ್ತು. ಯಾವುದು ಸುಳ್ಳು ಎಂದು ಮಕ್ಕಳು ಕೇಳಿದರು. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಇದನ್ನು ವಿವರಿಸುವುದು ಕಷ್ಟವಾಯಿತು.

ಉತ್ತರ 1:

‘ಅಂಕೀಯ’ವನ್ನು ಕಿತ್ತುಹಾಕಿದ್ದು ಒಳ್ಳೆಯದಾಯಿತು. ‘ಮಿಂಚುಸುದ್ದಿಹಾಳೆ’ ಎಂದು ಬರೆಯಿಸಿರಿ. ಇ-ಮೇಲ್‌ಗೆ ಮಿಂಚಂಚೆ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ. ಅಡಿಕೆ ಮರದಿಂದ ಕಳಚಿ ಬೀಳುವುದೂ ಹಾಳೆಯೇ, ನಾವು ಬರೆಯುವುದೂ ಹಾಳೆಯೇ. ಸುದ್ದಿ ಎಂಬುದಂತೂ ನಮ್ಮ ಅಚ್ಚಗನ್ನಡದ ಪದ. ಮೂರೂ ಮನೆಯ ಪದಗಳಿರುವಾಗ ಸಂಸ್ಕೃತದ ಪತ್ರಿಕೆಯನ್ನಾಗಲಿ ಇಂಗ್ಲಿಷಿನ ಡಿಜಿಟಲ್ಲನ್ನಾಗಲಿ ಶಾಲೆಯ ಬಾಗಿಲಲ್ಲಿ ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ 2:

ಸುದ್ದಿ ಅಚ್ಚಗನ್ನಡವಲ್ಲ, ‘ಶುದ್ಧಿ’ಯ ತದ್ಭವ. ಆದುದರಿಂದ ಮೇಲಿನವರ ಮೂರು ಮನೆಯ ಪದಗಳಲ್ಲಿ ಒಂದು ಬಹುಕಾಲದಿಂದ ಉಳಿದುಕೊಂಡಿರುವ ನೆಂಟನೆಂದು ತಿಳಿಯತಕ್ಕದ್ದು. ಅದು ದೋಷವೇನೂ ಅಲ್ಲ, ಆದರೆ ಶುದ್ಧತೆಯ ವಾದಕ್ಕೆ ಶುದ್ಧಿಯನ್ನೇ ಸಾಕ್ಷಿಗೆ ಕರೆದದ್ದು ಸ್ವಲ್ಪ ವಿನೋದವಾಗಿದೆ.

ಪ್ರಶ್ನೆ ಕೇಳಿದವರ ತೊಡಕು ಪದದ ಹುಟ್ಟಿನಲ್ಲಿಲ್ಲ, ಪದವನ್ನು ನೇತುಹಾಕುವ ಜಾಗದಲ್ಲಿದೆ. ‘ಅಂಕ’ ಎಂದರೆ ನಾಟಕದವರಿಗೆ ಒಂದು, ಕರಾವಳಿಯಲ್ಲಿ ಕೋಳಿ ಅಂಕ ನೋಡಿದವರಿಗೆ ಇನ್ನೊಂದು; ಶಾಲೆಯೊಳಗಂತೂ ಅದಕ್ಕೆ ಅಂಕಪಟ್ಟಿಯ ಅಂಕವೊಂದೇ ಅರ್ಥ. ‘ಪತ್ರಿಕೆ’ಯ ಗತಿಯೂ ಅಷ್ಟೇ. ಲಗ್ನಪತ್ರಿಕೆ ಮನೆಗೆ ಬಂದರೆ ಸಂತೋಷ, ಆದರೆ ಶಾಲೆಯಲ್ಲಿ ಪತ್ರಿಕೆ ಎಂದೊಡನೆ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆಗಳೇ ಎದುರು ಬರುತ್ತವೆ. ಎಂದಮೇಲೆ ‘ಅಂಕೀಯ ಪತ್ರಿಕೆ’ ಎಂಬ ಹೆಸರಿನಲ್ಲಿ ಪರೀಕ್ಷೆಗೆ ಸೇರಿದ ಎರಡು ಪದಗಳನ್ನು ಜೊತೆಗಿಟ್ಟಂತಾಯಿತು, ಆ ಹುಡುಗಿಯರು ಸರಿಯಾಗಿಯೇ ಓದಿದ್ದಾರೆ.

‘ದಿನಪತ್ರಿಕೆ’ ಎಂದೊಡನೆ ಈ ಗೊಂದಲ ಹೋಗುತ್ತದೆ, ಏಕೆಂದರೆ ಪ್ರಶ್ನೆಪತ್ರಿಕೆಯನ್ನು ಯಾರೂ ಹಾಗೆ ಕರೆಯುವುದಿಲ್ಲ. ‘ಡಿಜಿಟಲ್’ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಿರಿ. ಹಾಜರಿ ಹಾಕಿ, ಕಾಗದದಲ್ಲಿ ಬರೆದು, ರಜೆ ಕೇಳುವ ಮಗು ಹೊರಗಿನಿಂದ ಬಂದ ಹಾಜರಿ, ಕಾಗದ, ರಜೆ ಈ ಮೂರನ್ನೂ ಕನ್ನಡವೆಂದೇ ಬಲ್ಲದು. ಮನೆಯ ಪದವನ್ನೇ ಹಿಗ್ಗಿಸಬೇಕೆಂದರೆ ‘ಅಂಕಣ’ವನ್ನು ನೋಡಿರಿ. ಎರಡು ಕಂಬಗಳ ನಡುವಣ ಜಾಗವನ್ನು ಹೇಳುತ್ತಿದ್ದ, ಮೂರಂಕಣದ ಮನೆ ಎಂಬಲ್ಲಿ ಇಂದಿಗೂ ಉಳಿದಿರುವ ಆ ಪದ ಪತ್ರಿಕೆಯ ಪುಟದ ಉದ್ದನೆಯ ಪಟ್ಟಿಗೆ ಯಾರೂ ಕಲಿಸಿಕೊಡದೆಯೇ ಹೊಂದಿಕೊಂಡಿತು. ‘ಮಿಂಚುಸುದ್ದಿಹಾಳೆ’ಗೆ ಆ ಸುಳುವು ಇಲ್ಲ.

ಉತ್ತರ 3 (ಮೊದಲು ಉತ್ತರಿಸಿದವರು):

ತದ್ಭವವಾದ ಮೇಲೆ ಅದು ಕನ್ನಡವೇ, ಇದನ್ನು ಇಲ್ಲಿ ಹೇಳಬೇಕಾಗಿ ಬಂದುದು ಖೇದಕರ. ನಾಲಿಗೆಗೆ ಒಗ್ಗಿಸಿಕೊಂಡು ತರುವುದು ಬೇರೆ, ಡಿಜಿಟಲ್ಲನ್ನು ಇಡಿಯಾಗಿ ನುಂಗುವುದು ಬೇರೆ. ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಬಂದವರಾಗಿಯೂ 1843ರಲ್ಲಿ ಕಲ್ಲಚ್ಚಿನಲ್ಲಿ ಪತ್ರಿಕೆ ಹೊರಡಿಸುವಾಗ ಅದಕ್ಕೆ ಇಂಗ್ಲಿಷಿನ ಹೆಸರಿಡಲಿಲ್ಲ.

ಉತ್ತರ 4 (ಎರಡನೆಯವರು):

ಇಡಲಿಲ್ಲ, ನಿಜ. ‘ಮಂಗಳೂರು ಸಮಾಚಾರ’ ಎಂದು ಇಟ್ಟರು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಎರಡು ಹೆಸರಿನಲ್ಲಿಯೂ ಇರುವುದು ಸಂಸ್ಕೃತದ ‘ಸಮಾಚಾರ’, ತಾವು ಬಾಗಿಲಾಚೆ ನಿಲ್ಲಿಸಬೇಕೆನ್ನುವ ವರ್ಗದ ಪದ. ಓದುವವರಿಗೆ ಯಾವುದು ತಿಳಿಯುತ್ತದೆಯೋ ಅದನ್ನು ಅವರು ಆರಿಸಿದರು. ಚರ್ಚೆಯನ್ನು ಇದಕ್ಕಿಂತ ಬೆಳೆಸಲು ನನಗೆ ಬಿಡುವಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ವಂದನೆಗಳು. ಎರಡೂ ಸಲಹೆಗಳನ್ನು ಇಂದು ಕರಿಹಲಗೆಯ ಮೇಲೆ ಬರೆದು, ಏನೂ ವಿವರಿಸದೆ, ಎಂಟನೆಯ ತರಗತಿಯವರ ಮುಂದಿಟ್ಟೆ. ‘ಮಿಂಚುಸುದ್ದಿಹಾಳೆ’ಯನ್ನು ಓದಿ ಕೆಲವರು ಟೀವಿಯ ಬ್ರೇಕಿಂಗ್ ನ್ಯೂಸ್ ಎಂದರು, ಒಬ್ಬ ಹುಡುಗ ಮಾತ್ರ ಗಣೇಶನ ಮಂಟಪಕ್ಕೆ ಅಂಟಿಸುವ ಮಿರಿಮಿರಿ ಮಿಂಚುವ ಹಾಳೆಯೆಂದು ಖಚಿತವಾಗಿ ಹೇಳಿದ. ‘ಡಿಜಿಟಲ್ ದಿನಪತ್ರಿಕೆ’ಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಫಲಕಕ್ಕೆ ‘ಡಿಜಿಟಲ್ ದಿನಪತ್ರಿಕೆ ಓದುವ ಕೊಠಡಿ’ ಎಂದು ತೀರ್ಮಾನಿಸಿದ್ದೇನೆ. ಒಳಗೆ ಪಾಠ ಮಾಡುವಾಗ ಅಚ್ಚಿನ ಪುಟವೇ ಪರದೆಗೆ ಬಂದುದನ್ನು ‘ಇ-ಪೇಪರ್’ ಎಂದೂ, ಬದಲಾಗುತ್ತ ಹೋಗುವುದನ್ನು ‘ಸುದ್ದಿತಾಣ’ ಎಂದೂ ಕರೆಯುತ್ತೇನೆ. ಅಣೆಕಟ್ಟೆಯ ನೀರಿನ ಲೆಕ್ಕ ಇನ್ನು ಮುಂದೆ ಯಾವುದರಲ್ಲಿ ಯಾವ ಹೊತ್ತಿನದು ಎಂದು ಮಕ್ಕಳೇ ಬರೆದುಕೊಳ್ಳಬೇಕು. ಫಲಕ ಬರೆಯುವವರು ಅಕ್ಷರಕ್ಕೆ ಇಷ್ಟೆಂದು ಲೆಕ್ಕ ಹಾಕುವವರು. ‘ತ್ರಿ’ಯ ಒತ್ತಿಗೆ ಬೇರೆ ದುಡ್ಡಿಲ್ಲ ಎಂದಿದ್ದಾರೆ.