ಟೀಚರ್‌ಗಳ ಗಂಟಲಿನ ತೊಂದ್ರೆ ಫಾರ್ಮ್ ತುಂಬಿಸಿದ್ರೆ ಗೊತ್ತಾಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ನಾನು ತುಮಕೂರು ಕಡೆ ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರ್. ನಮ್ಮ ಕ್ಲಸ್ಟರಲ್ಲಿ ನಲವತ್ತು ಜನ ಇದೀವಿ, ಯಾವಾಗ ನೋಡಿದ್ರೂ ಯಾರಾದ್ರೂ ಒಬ್ರಿಗೆ ಗಂಟಲು ಕಟ್ಟಿರುತ್ತೆ. ನೆಟ್ಟಲ್ಲಿ ವಿಎಚ್‌ಐ-10 (ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್) ಅನ್ನೋ ಧ್ವನಿ ತೊಂದ್ರೆಯ ಪ್ರಶ್ನೆಪಟ್ಟಿ ಸಿಕ್ತು, ಗೂಗಲಲ್ಲೇ ಕನ್ನಡ ಮಾಡ್ಕೊಂಡು ಗ್ರೂಪಿಗೆ ಫಾರ್ಮ್ ಹಾಕಿದೆ. 26 ಜನ ತುಂಬಿದಾರೆ, ಹೆಚ್ಚೂ ಕಮ್ಮಿ ಎಲ್ರದ್ದೂ ಸೊನ್ನೆ, ಎರಡು, ಮೂರು ಅಷ್ಟೇ. ಆದ್ರೆ ಮೂರು ಬಂದಿರೋ ಮೇಡಂ ಒಬ್ರು ಊಟದ ಬೆಲ್ ಆದ್ಮೇಲೆ ಪಿಸುಪಿಸು ಅಂತ್ಲೇ ಪಾಠ ಮಾಡೋದು, ಜೋರಾಗಿ ಕರೀಬೇಕಾದ್ರೆ ಮೇಜು ಕುಟ್ತಾರೆ. ಈ ಫಾರ್ಮ್ ನಂಬ್ಬೋದಾ?

ಉತ್ತರ (ಸ್ಪೀಚ್ ಥೆರಪಿಸ್ಟ್): ನೀವು ಫಾರ್ಮ್ ನೋಡಿ ಸುಮ್ಮನಾಗ್ದೆ ಆ ಮೇಡಂನ ಗಮನಿಸಿದ್ರಲ್ಲ, ಅದು ತುಂಬಾ ಒಳ್ಳೇದಾಯ್ತು. ಪಟ್ಟಿ ಕೆಟ್ಟದ್ದೇನಲ್ಲ. 1997ರಲ್ಲಿ 30 ಪ್ರಶ್ನೆದು ಬಂತು, 2004ರಲ್ಲಿ ಅದನ್ನೇ 10ಕ್ಕೆ ಇಳಿಸಿದ್ರು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು, ಒಟ್ಟು 40, ಸಾಮಾನ್ಯವಾಗಿ 11 ದಾಟಿದ್ರೆ ತೋರಿಸ್ಕೊಳ್ಳಿ ಅಂತೀವಿ. ಆದ್ರೆ ಆ 11ರ ಗೆರೆ ಅಮೆರಿಕದವರನ್ನ ನೋಡಿ ಎಳೆದಿದ್ದು, ಗೂಗಲ್ ಮಾಡಿದ ಕನ್ನಡಕ್ಕೂ ಅದೇ ಗೆರೆ ಹೊಂದುತ್ತೆ ಅಂತ ಇಟ್ಕೋಬೇಡಿ.

ನಿಮ್ಮ ಫಾರ್ಮ್ ಎಡವಿರೋದು ಮಾತಲ್ಲಿ ಅನ್ಸುತ್ತೆ. ನಮ್ಮವರು ಯಾರು "ನನಗೆ ಧ್ವನಿ ಸಮಸ್ಯೆ ಇದೆ" ಅಂತಾರೆ ಹೇಳಿ? ಗಂಟಲು ಕೂತಿದೆ, ಕಟ್ಟಿದೆ, ಸ್ವರ ಬಿದ್ದೋಗಿದೆ, ಹೀಗಲ್ವಾ ನಾವು ಅನ್ನೋದು. ನನ್ನ ಹತ್ರ ಬಂದ ಒಬ್ಬ ಟೀಚರ್‌ನ ಧ್ವನಿ ತೊಂದ್ರೆ ಇದ್ಯಾ ಅಂದ್ರೆ ಇಲ್ಲ ಅಂದ್ರು, ಸಂಜೆ ಮನೇಲಿ ಮಕ್ಕಳನ್ನ ಕೂಗಿ ಕರೀತೀರಾ ಅಂದಿದ್ದಕ್ಕೆ "ಎಲ್ಲಿ ಮೇಡಂ, ಚಪ್ಪಾಳೆ ತಟ್ತೀನಿ" ಅಂದ್ರು. ಉತ್ತರ ಅಲ್ಲಿತ್ತು. ಇನ್ನು ಅದರ ಹೆಸರಲ್ಲಿರೋ ಹ್ಯಾಂಡಿಕ್ಯಾಪ್ ಪದಾನ ಅಂಗವಿಕಲತೆ ಅಂತ ಮೇಲ್ಗಡೆ ಹಾಕಿದ್ರಂತೂ ಯಾರೂ ನಿಜ ಬರಿಯಲ್ಲ, ಕೆಲಸಕ್ಕೆ ತೊಂದ್ರೆ ಆಗುತ್ತೇನೋ ಅಂತ ಹೆದರ್ತಾರೆ. ಹೆಸರು ಕೇಳಿದ್ರಾ? ಉತ್ತರ ಎಚ್.ಎಂ. ನೋಡ್ತಾರೆ ಅಂತ ಗೊತ್ತಿದ್ರೆ ಸೊನ್ನೇನೇ ಬರೋದು.

ಇನ್ನೊಂದು, ಈ ಪಟ್ಟಿ ಅಳೆಯೋದು ಧ್ವನಿಯಿಂದ ಆ ಮನುಷ್ಯನಿಗೆ ಎಷ್ಟು ಕಷ್ಟ ಆಗ್ತಿದೆ ಅಂತ, ಧ್ವನಿತಂತುಗಳ ಮೇಲೆ ಗಂಟು ಇದ್ಯೋ ಇಲ್ವೋ ಅಂತಲ್ಲ. ಹತ್ತು ವರ್ಷದಿಂದ ಕರ್ಕಶ ಸ್ವರಕ್ಕೆ ಒಗ್ಗಿಹೋದವರಿಗೆ ಅದು ಕಷ್ಟ ಅಂತಾನೇ ಅನ್ಸಲ್ಲ, ಕಡಿಮೆ ಅಂಕ ಕೊಡ್ತಾರೆ. ಅದೇ ಸಂಗೀತದ ಮೇಷ್ಟ್ರಿಗೆ ಮೇಲಿನ ಸ್ಥಾಯೀಲಿ ಒಂದು ಸ್ವರ ಜಾರಿದ್ರೂ ಅಂಕ ಏರುತ್ತೆ. ಹಾಗಾಗಿ ಜಾಸ್ತಿ ಬಂದವರನ್ನ ಮೊದಲು ಕಳಿಸಿ, ಕಡಿಮೆ ಬಂದವರನ್ನ ನಿಮಗೇನೂ ಇಲ್ಲ ಅಂತ ಬಿಟ್ಟುಬಿಡ್ಬೇಡಿ. ಆ ಮೂರು ಅಂಕದ ಮೇಡಂನ ಈ ವಾರಾನೇ ಇಎನ್‌ಟಿಗೆ ಕಳಿಸಿ. ಮತ್ತೆ ಪಿಸುಗುಟ್ಟೋದು ಗಂಟಲಿಗೆ ರೆಸ್ಟ್ ಅಲ್ಲ ಅಂತ ಹೇಳಿ, ಎಷ್ಟೋ ಜನ ಪಿಸುಗುಟ್ಟೋವಾಗ ಇನ್ನೂ ಬಿಗಿ ಹಿಡೀತಾರೆ.

ಕಾಮೆಂಟ್: ಮೇಡಂ, ನಮ್ಮ ಮಾವನವರು ಬೀಡಿ ಸೇದ್ತಾರೆ, ಎರಡು ತಿಂಗಳಿಂದ ಸ್ವರ ಒಡೆದಿದೆ. ನೋವಿಲ್ಲ, ಏನಿಲ್ಲ ಅಂತಾರೆ. ಅವರಿಗೂ ಇದನ್ನ ತುಂಬಿಸಿ ನೋಡ್ಲಾ?

ಉತ್ತರ: ಬೇಡಮ್ಮ, ಅವರಿಗೆ ಫಾರ್ಮ್ ಬೇಡ, ನಾಳೇನೇ ಕರ್ಕೊಂಡು ಹೋಗಿ. ಸ್ವರ ಒಡೆದು ನಾಲ್ಕು ವಾರ ಕಳೆದ್ರೂ ಸರಿ ಹೋಗ್ಲಿಲ್ಲ ಅಂದ್ರೆ ಯಾರಿಗೇ ಆಗ್ಲಿ ಲ್ಯಾರಿಂಗೋಸ್ಕೋಪಿ, ಅಂದ್ರೆ ಗಂಟಲೊಳಗೆ ಧ್ವನಿತಂತು ನೋಡೋ ಪರೀಕ್ಷೆ, ಮಾಡಿಸ್ಲೇಬೇಕು, ಬೀಡಿ ಸೇದೋರಾದ್ರೆ ಅಷ್ಟು ದಿನಾನೂ ಕಾಯ್ಬಾರ್ದು. ಗಂಟಲ ಕ್ಯಾನ್ಸರ್ ಶುರೂಲಿ ನೋವೇ ಕೊಡ್ದೆ ಇರಬಹುದು, ಸ್ವರ ಬದಲಾಗಿದ್ದೊಂದೇ ಗುರುತು. ಕತ್ತಲ್ಲಿ ಗಂಟು, ನುಂಗೋಕೆ ಕಷ್ಟ, ಉಸಿರಾಡೋವಾಗ ಸದ್ದು ಏನಾದ್ರೂ ಇದ್ಯಾ ನೋಡಿ, ಉಸಿರಿನ ಸದ್ದಿದ್ರೆ ನಾಳೆವರೆಗೂ ಕಾಯ್ಬೇಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಫಾರ್ಮ್ ಹೇಗೆ ತಿದ್ದಲಿ?

ಉತ್ತರ: ಕನ್ನಡದಲ್ಲಿ ಪರೀಕ್ಷೆ ಮಾಡಿರೋ ಪಟ್ಟಿ ಬಗ್ಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೇಲಿ ಕೇಳಿ, 1965ರಿಂದ ಅವರದ್ದು ಇದೇ ಕೆಲಸ. ಹೆಸರು ಬರೆಯೋದು ಅವರವರ ಇಷ್ಟಕ್ಕೆ ಬಿಡಿ, ಉತ್ತರ ನಿಮ್ಮೊಬ್ರ ಹತ್ರಾನೇ ಇರ್ಲಿ. ಕೊನೇಲಿ ನಮ್ಮ ಮಾತಲ್ಲಿ ಎರಡು ಪ್ರಶ್ನೆ ಬೇರೆಯಾಗಿ ಸೇರಿಸಿ, ಅಂಕಕ್ಕೆ ಕೂಡಿಸ್ಬೇಡಿ. ಹೋದ ತಿಂಗಳು ಎಷ್ಟು ದಿನ ಗಂಟಲು ಕೂತಿತ್ತು? ಭಾನುವಾರ ರೆಸ್ಟ್ ಆದ್ಮೇಲೆ ಸೋಮವಾರ ಸರಿ ಇತ್ತಾ?