ಸಹಾಯ ಬೇಕು: ಕನ್ನಡಿ ನೋಡ್ಕೊಂಡು ನಕ್ಷತ್ರ ಬಿಡಿಸೋಕೆ 60 ದಾಟಿದವರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಕೈ ಹೊಸ ಕೆಲಸವನ್ನ ಹೇಗೆ ಕಲಿಯುತ್ತೆ ಅನ್ನೋದು ನಮ್ಮ ಲ್ಯಾಬಿನ ವಿಷಯ. ಸಲಕರಣೆ ಭಾರಿ ಏನಿಲ್ಲ: ಒಂದು ಕನ್ನಡಿ, ಜೋಡಿ ಗೆರೆಯ ನಕ್ಷತ್ರ, ಕೈ ಕಾಣದ ಹಾಗೆ ಅಡ್ಡ ಒಂದು ರಟ್ಟು. ಕನ್ನಡಿಯಲ್ಲಷ್ಟೇ ನೋಡ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸ್ಬೇಕು. ಮೂಲೆ ಬಂದ ಕೂಡ್ಲೇ ಕೈ ಗಕ್ಕನೆ ನಿಲ್ಲುತ್ತೆ, ಆಮೇಲೆ ಉಲ್ಟಾ ಓಡುತ್ತೆ. ನಿವೃತ್ತ ಮೇಷ್ಟ್ರೊಬ್ಬರು "ಇದೇನಮ್ಮ, ಈ ವಯಸ್ಸಲ್ಲಿ ಮತ್ತೆ ಅಕ್ಷರಾಭ್ಯಾಸನಾ?" ಅಂತ ನಕ್ಕುಬಿಟ್ರು.

ಪರೀಕ್ಷೆ ಹಳೇದೇ. ಹೊಸ ನೆನಪು ಉಳಿಯದ ರೋಗಿಯೊಬ್ಬರ ಕೈ ಇದರಲ್ಲಿ ಮೂರು ದಿನಕ್ಕೆ ಪಳಗಿದ್ದನ್ನ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ 1962ರಲ್ಲಿ ಪ್ರಕಟಿಸಿದ್ರು. ಹಿಂದಿನ ದಿನ ಮಾಡಿದ್ದೇ ಆ ರೋಗಿಗೆ ನೆನಪಿರ್ಲಿಲ್ಲ!

ನನ್ನ ತಲೆನೋವು ಎರಡನೇ ದಿನ. ಅಭ್ಯಾಸದ ದಿನ ಸುಧಾರಿಸಿದ್ದಷ್ಟೇ ಕಲಿಕೆ ಅಲ್ಲ, ಮರುದಿನ ಎಷ್ಟು ಉಳಿದಿದೆ ಅಂತ ನೋಡ್ಲೇಬೇಕು. ಹೋದ ವಾರ ಐದು ಜನ ಬಂದ್ರು, ಮರುದಿನ ಇಬ್ಬರೇ. ಒಬ್ಬರಿಗೆ ಮೊಮ್ಮಗನ ಸ್ಕೂಲ್ ವ್ಯಾನ್ ತಪ್ಪಿತ್ತಂತೆ. ಮೂರು ಜನರ ಡೇಟಾ ದಂಡ.

ಬಲಗೈ ರೂಢಿ ಇರೋ, ಕೈ ನಡುಕ ಇಲ್ಲದ ಹಿರಿಯರು ನಿಮ್ಮ ಮನೇಲಿದ್ರೆ ದಯವಿಟ್ಟು ಕೇಳಿ ನೋಡಿ. ಸತತ ಎರಡು ದಿನ, ದಿನಕ್ಕೆ 40 ನಿಮಿಷ. ಕನ್ನಡಕ ಪರವಾಗಿಲ್ಲ. ಆಟೋ ಚಾರ್ಜು, ಕಾಫಿ ನಮ್ಮದು.

ಇನ್ನೊಂದು: ಸೂಚನೆಯಲ್ಲಿ "ವೇಗವಾಗಿ, ನಿಖರವಾಗಿ" ಅಂತ ಬರೆದ್ರೆ ಎಲ್ಲರೂ ವೇಗ ಮಾತ್ರ ಹಿಡ್ಕೊಳ್ತಾರೆ. ಎರಡೂ ಸಮ ಅನ್ನಿಸೋ ಹಾಗೆ ಆಡುಮಾತಲ್ಲಿ ಹೇಗೆ ಹೇಳ್ಲಿ?