‘ರಚನಾತ್ಮಕ ಟೀಕೆ’ ಬೇಡ, ‘ತಿದ್ದು’ ಸಾಕೇ?

ಪದಪ್ರಿಯರಿಗೆ ನಮಸ್ಕಾರ.

ಡಿಜಿಟಲ್ ಚಿತ್ರದಲ್ಲಿ ಮಾನವಾಕೃತಿ ಬರೆಯಲು ಕಲಿಯುತ್ತಿರುವ ನಾವು ಏಳೆಂಟು ಮಂದಿ, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಹೇಳುವ ಏರ್ಪಾಡು ಮಾಡಿಕೊಂಡಿದ್ದೇವೆ. ಹೇಳುವವರು ಹೇಗೆ ಹೇಳಬೇಕು, ಕೇಳಿಸಿಕೊಳ್ಳುವವರು ಏನು ಮಾಡಬೇಕು ಎಂದು ಒಂದು ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶೀರ್ಷಿಕೆಯಲ್ಲೇ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ‘ಫೀಡ್‌ಬ್ಯಾಕ್’ ಎಂಬುದಕ್ಕೆ ಏನು ಬರೆಯಲಿ?

ಮೊದಲು ಪತ್ರಿಕೆಗಳ ‘ರಚನಾತ್ಮಕ ಟೀಕೆ’ಯನ್ನೇ ಹಾಕಿದ್ದೆ. ನಮ್ಮಲ್ಲೊಬ್ಬರು ಗೋಡೆಗೆ ಒರಗಿ ನಿಂತ ಹೆಂಗಸಿನ ಚಿತ್ರ ಕಳುಹಿಸಿ, ‘ರಚನಾತ್ಮಕ ಟೀಕೆ ಬೇಕು’ ಎಂದರು. ಬಂದ ಉತ್ತರಗಳೆಲ್ಲ ಮೂಳೆ, ಸ್ನಾಯು, ಕೀಲುಗಳ ಮೇಲೆ. ಬೆಳಕು ಎಡದಿಂದ ಬೀಳುತ್ತಿದ್ದರೂ ಮೂಗಿನ ನೆರಳು ಎಡಕ್ಕೇ ಚಾಚಿದ್ದನ್ನು ಒಬ್ಬರೂ ಹೇಳಲಿಲ್ಲ. ವಿಚಾರಿಸಿದರೆ, ‘ರಚನೆಯ ಬಗ್ಗೆ ತಾನೇ ಕೇಳಿದ್ದು? ಅಂಗರಚನೆ ನೋಡಿದೆವು’ ಎಂಬ ಉತ್ತರ. ತಪ್ಪು ಅವರದಲ್ಲ. ರಾಜಕೀಯ ವರದಿಯಲ್ಲಿ ‘ಕೆಡವುವುದಕ್ಕಲ್ಲ, ಕಟ್ಟುವುದಕ್ಕೆ’ ಎಂಬರ್ಥ ಕೊಡುವ ಈ ವಿಶೇಷಣ, ಅಂಗರಚನೆ, ಚಿತ್ರರಚನೆ ಎಂದು ದಿನವೂ ಆಡುವವರ ಬಾಯಲ್ಲಿ ಬೇರೆಲ್ಲಿಗೋ ಹೊರಳುತ್ತದೆ.

‘ಟೀಕೆ’ಯ ಪಾಡಂತೂ ಕೇಳಬೇಡಿ. ಒಂದು ಕಾಲಕ್ಕೆ ಗ್ರಂಥವನ್ನು ಬಿಡಿಸಿ ತಿಳಿಸುವ ವ್ಯಾಖ್ಯಾನಕ್ಕೆ ಆ ಹೆಸರಿತ್ತು. ಮಧ್ವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರು ಟೀಕಾಚಾರ್ಯರೆಂದೇ ಪೂಜ್ಯರಾದರು. ಇವತ್ತು ಯಾರನ್ನಾದರೂ ಹಾಗೆ ಕರೆದು ನೋಡಿ, ಜಗಳವಾದೀತು. ಈಗ ಟೀಕೆಗೆ ‘ಗುರಿಯಾಗು’ತ್ತೇವೆ, ಟೀಕೆಯನ್ನು ‘ಎದುರಿಸು’ತ್ತೇವೆ. ಬಾಣಕ್ಕೂ ಅದೇ ಕ್ರಿಯಾಪದಗಳು. ‘ವಿಮರ್ಶೆ’ಯಲ್ಲಿರುವ ‘ಮೃಶ್’ ಧಾತುವಿಗೆ ಮುಟ್ಟು, ಸವರು ಎಂಬ ಅರ್ಥವಿದೆ. ಮುಟ್ಟಿ ನೋಡುವ ಆ ಭಾವ ನನಗೆ ಬಹಳ ಇಷ್ಟ. ಆದರೆ ವಿಮರ್ಶೆ ಎಂದೊಡನೆ ಮುಗಿದ ಕೃತಿ ಕಣ್ಣ ಮುಂದೆ ಬರುತ್ತದೆ. ನಮ್ಮ ಚಿತ್ರಗಳೋ ಇನ್ನೂ ಕಡ್ಡಿಗೆರೆಯ ಹಂತದಲ್ಲಿರುತ್ತವೆ. ‘ಪ್ರತಿಕ್ರಿಯೆ’ ತೀರ ಸಡಿಲ, ಚಪ್ಪಾಳೆಯ ಚಿಹ್ನೆಯೂ ಪ್ರತಿಕ್ರಿಯೆಯೇ. ಶಿಕ್ಷಣದ ಪುಸ್ತಕಗಳ ‘ಹಿಮ್ಮಾಹಿತಿ’ ಮೂಲಕ್ಕೆ ನಿಷ್ಠವಾದದ್ದು, ಒಪ್ಪುತ್ತೇನೆ. ಫೀಡ್‌ಬ್ಯಾಕ್ ಎಂಬುದೇ ವಿದ್ಯುತ್ ಮಂಡಲದಿಂದ ಹೊರಬಂದದ್ದರ ಒಂದಂಶವನ್ನು ಮತ್ತೆ ಒಳಕ್ಕೆ ಹಾಯಿಸುವುದಕ್ಕೆ ಇದ್ದ ಹೆಸರು. ಆದರೂ ಆ ಮಾತು ಕೇಳಿದರೆ ಭರ್ತಿ ಮಾಡಬೇಕಾದ ನಮೂನೆಯೊಂದು ನೆನಪಾಗುತ್ತದೆ.

ಹೀಗೆ ಅಲೆದಾಡಿ ‘ತಿದ್ದು’ವಿಗೆ ಬಂದೆ. ಹಳಗನ್ನಡದಲ್ಲಿ ತಿರ್ದು, ತಮಿಳಿನಲ್ಲಿ ತಿರುತ್ತು. ಕರಡು ತಿದ್ದುತ್ತೇವೆ, ಅಕ್ಷರ ತಿದ್ದುತ್ತೇವೆ, ಹುಬ್ಬು ತಿದ್ದುತ್ತೇವೆ, ಹಣೆಗೆ ತಿಲಕವನ್ನೂ ತಿದ್ದುತ್ತೇವೆ. ತಪ್ಪನ್ನು ಸರಿಪಡಿಸುವುದೂ ಚೆಂದಗಾಣಿಸುವುದೂ ಒಂದೇ ಕ್ರಿಯಾಪದದಲ್ಲಿ ಅಡಗಿವೆ. ಅದಕ್ಕಿಂತ ನನ್ನನ್ನು ಹಿಡಿದದ್ದು ಅದರ ಜೊತೆ ಬರುವ ಸಹಾಯಕ ಕ್ರಿಯಾಪದಗಳು: ತಿದ್ದಿಕೊಡು, ತಿದ್ದಿಕೊಳ್ಳು. ಹೇಳುವವರ ಕೆಲಸ ಒಂದರಲ್ಲಿ, ಕೇಳುವವರ ಕೆಲಸ ಇನ್ನೊಂದರಲ್ಲಿ. ‘ಟೀಕಿಸಿಕೊಡಿ’ ಎಂದು ಕೇಳಿ ನೋಡಿ, ನಗುತ್ತಾರೆ. ತಿದ್ದಿಕೊಟ್ಟದ್ದನ್ನೆಲ್ಲ ತಿದ್ದಿಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಸಾಮಾನ್ಯ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಯಷ್ಟು; ಒಬ್ಬರು ಒಂಬತ್ತು ತಲೆ ಉದ್ದದ ಆಕೃತಿ ಬರೆದಿದ್ದರೆ ಅದು ಕೈತಪ್ಪೋ ಬೇಕೆಂದೇ ಮಾಡಿದ್ದೋ ಎಂದು ಮೊದಲು ಕೇಳಬೇಕಾದದ್ದು ತಿದ್ದಿಕೊಡುವವರ ಹೊಣೆ.

ಡಿಜಿಟಲ್ ಚಿತ್ರದಲ್ಲಿ ಈ ಮಾತು ಅಕ್ಷರಶಃ ನಡೆಯುತ್ತದೆ. ಕಲಿಯುವವರ ಚಿತ್ರದ ಮೇಲೆ ಹೊಸದೊಂದು ಪದರ ತೆರೆದು, ಕೆಳಗಿನದನ್ನು ಕೆಡಿಸದೆ, ಬೇರೆ ಬಣ್ಣದಲ್ಲಿ ಗೆರೆ ಎಳೆದು ತೋರಿಸುತ್ತೇವೆ. ಮೈಭಾರವೆಲ್ಲ ಬಲಗಾಲಿನ ಮೇಲಿದ್ದರೆ ಬಲಸೊಂಟ ಮೇಲೇರುತ್ತದೆ, ಅದಕ್ಕೆ ಸರಿದೂಗಿಸಲು ಬಲಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಇದನ್ನು ಬರೆದು ವಿವರಿಸಲು ಒಂದು ಪ್ಯಾರಾ ಬೇಕು. ಪದರದ ಮೇಲೆ ಎರಡು ಓರೆಗೆರೆ ಸಾಕು. ಮಕ್ಕಳು ಅಕ್ಷರ ತಿದ್ದುವಾಗ ಕೆಳಗೆ ಮೇಷ್ಟರ ಅಕ್ಷರ, ಮೇಲೆ ಮಗುವಿನ ಕೈ. ಇಲ್ಲಿ ಅದು ತಲೆಕೆಳಗು. ‘ಪೇಂಟ್‌ಓವರ್’ ಎನ್ನುವ ಈ ಕ್ರಮಕ್ಕೆ ನಾನು ‘ಮೇಲ್ತಿದ್ದು’ ಎಂದು ಬರೆದಿದ್ದೇನೆ. ಮೇಲ್ದುಟಿಯಂತೆ ಆದೇಶ ಸಂಧಿಯಾಗಿ ‘ಮೇಲ್ದಿದ್ದು’ ಆಗಬೇಕೇ? ವ್ಯಾಕರಣ ಹೌದೆಂದರೂ ನನ್ನ ಕಿವಿ ಒಲ್ಲೆ ಎನ್ನುತ್ತಿದೆ.

ತೊಡಕುಗಳೂ ಇವೆ. ತಿದ್ದು ಎಂದಾಗ ಎಲ್ಲೋ ಡೊಂಕಿದೆ ಎಂದು ಮೊದಲೇ ಒಪ್ಪಿದಂತಾಯಿತು. ‘ಮಣಿಕಟ್ಟಿನ ಅಂಚನ್ನು ಹಿನ್ನೆಲೆಯೊಳಗೆ ಕರಗಿಸಿದ್ದು ಚೆನ್ನಾಗಿದೆ, ಇನ್ನು ಅದನ್ನು ಮುಟ್ಟಬೇಡಿ’ ಎಂಬ ಮಾತು ಕಲಿಯುವವರಿಗೆ ಬಹಳ ಬೇಕಾದದ್ದು, ಆದರೆ ಅದು ತಿದ್ದಲ್ಲ. ಇನ್ನೊಂದು ದ್ವಿತೀಯಾ ವಿಭಕ್ತಿಯ ತಂಟೆ. ‘ನಿಮ್ಮ ಚಿತ್ರವನ್ನು ತಿದ್ದುತ್ತೇನೆ’ ಸರಿ. ‘ನಿಮ್ಮನ್ನು ತಿದ್ದುತ್ತೇನೆ’ ಎಂದರೆ ದಾರಿ ತಪ್ಪಿದವರಿಗೆ ಬುದ್ಧಿ ಹೇಳಿದಂತೆ.

ಬುದ್ಧಿ ಹೇಳುವ ಮಾತು ಬಂದದ್ದಕ್ಕೆ ನೆನಪಾಯಿತು. ಬಣ್ಣದ ಕಡುತನ, ತಿಳಿತನಗಳ ಮಟ್ಟವನ್ನು ಚಿತ್ರಕಾರರು ‘ವ್ಯಾಲ್ಯೂ’ ಎನ್ನುತ್ತಾರಲ್ಲ, ಅದನ್ನು ಯಾರೋ ‘ಮೌಲ್ಯ’ ಮಾಡಿ, ‘ನಿಮ್ಮ ಮೌಲ್ಯಗಳು ತುಂಬಾ ದುರ್ಬಲವಾಗಿವೆ’ ಎಂದು ಬರೆದರು. ಚಿತ್ರದಲ್ಲಿದ್ದದ್ದು ನಗ್ನ ಆಕೃತಿ. ಚಿತ್ರ ಬರೆದವರು ಎರಡು ದಿನ ಮಾತಾಡಲಿಲ್ಲ! ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸಿ, ಕೆನ್ನೆಯೂ ಹಿನ್ನೆಲೆಯೂ ಒಂದೇ ಬೂದಿಯಾಗಿ ಬೆರೆತದ್ದನ್ನು ತೋರಿಸಿದ ಮೇಲೆ ಸಮಾಧಾನವಾಯಿತು. ಈಗ ನಾನು ‘ಕಡುತಿಳಿ ಸಾಲದು’ ಎಂದು ಬರೆಯುತ್ತೇನೆ. ಇದು ನಿಮಗೆ ಅರ್ಥವಾಗುತ್ತದೆಯೇ, ಅಥವಾ ಬಿಡಿಸಿ ಹೇಳಬೇಕೇ?

ಮುಖ್ಯವಾಗಿ ಬೇಕಾಗಿರುವುದು ಒಂದು ನಾಮಪದ. ‘ತಿದ್ದುಪಡಿ’ಯನ್ನು ಕಾನೂನಿನವರು ಸಂವಿಧಾನಕ್ಕೆ ಒಯ್ದಿದ್ದಾರೆ, ನಮಗೆ ಬಿಟ್ಟುಕೊಡುವ ಹಾಗಿಲ್ಲ. ‘ತಿದ್ದುಮಾತು’ ಎಂದು ಸದ್ಯಕ್ಕೆ ಹಾಕಿದ್ದೇನೆ, ಹೊಗಳಿಕೆ ಅದರೊಳಗೆ ಹಿಡಿಸುತ್ತಿಲ್ಲ. ಬೊಂಬೆ ಮಾಡುವವರು, ಅಕ್ಕಸಾಲಿಗರು, ನೇಯುವವರು ಅರ್ಧವಾದ ಕೆಲಸವನ್ನು ಜೊತೆಗಾರರ ಕೈಗೆ ಕೊಟ್ಟು ‘ಸ್ವಲ್ಪ ನೋಡು’ ಎಂದಾಗ, ಆ ನೋಡಿ ಹೇಳುವುದಕ್ಕೆ ಅವರಲ್ಲಿ ಹೆಸರೇನಾದರೂ ಇದೆಯೇ?